ಕಂಪ್ಯೂಟರಿನ ಒಳಗಿರುವುದೂ ಅಮಾನತ್ತೇ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆಯ ಕುಟುಂಬಗಳು ಈಗ ಶುಲ್ಕ, ಪುಸ್ತಕದ ಜೊತೆಗೆ ಕಂಪ್ಯೂಟರಿಗೂ ಸಹಾಯ ಕೇಳುತ್ತಿವೆ. ಸಂತೋಷ. ಆದರೆ ಯಂತ್ರ ಕೊಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅದರೊಳಗೆ ಯಾವ ತಂತ್ರಾಂಶ ಹಾಕಿಸಬೇಕು?

ನಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಹಣ ಕೊಟ್ಟು ಪರವಾನಗಿ ಪಡೆಯುವುದು. ಹಲವು ತಂತ್ರಾಂಶಗಳಿಗೆ ಪ್ರತಿ ವರ್ಷ ಹಣ ಕಟ್ಟಬೇಕು. ಶ್ರೀಮಂತ ದೇಶಕ್ಕೆ ಅದು ಸಣ್ಣ ಮೊತ್ತ, ಕೂಲಿಯವರ ಮನೆಗೆ ದೊಡ್ಡ ಹೊರೆ. ಎರಡು, ಕಳ್ಳ ಪ್ರತಿ. ಎಲ್ಲರೂ ಹಾಕಿಸುತ್ತಾರೆ ಎಂಬ ಸಮಾಧಾನ ಬೇಡ. ಇನ್ನೊಬ್ಬರ ದುಡಿಮೆಯ ಹಕ್ಕನ್ನು ಕೊಡದೆ ಬಳಸುವುದು ತಪ್ಪು. ಜಕಾತ್, ಸದಕಾ ಹಣದಿಂದ ಕೊಂಡ ಯಂತ್ರದಲ್ಲಂತೂ ಅದು ಇರಲೇಬಾರದು. ಮೇಲಾಗಿ ವೈರಸ್ಸಿನ ಭಯ. ಮೂರನೆಯದು, ಸ್ವತಂತ್ರ ತಂತ್ರಾಂಶ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ಚಳವಳಿಗೆ ನಾಂದಿ ಹಾಡಿದರು. ಇಲ್ಲಿ ಬಳಸಲು, ಒಳಗನ್ನು ಕಲಿಯಲು, ತಿದ್ದಲು, ಪ್ರತಿ ಮಾಡಿ ಹಂಚಲು ಮಾಡಿದವರೇ ಅನುಮತಿ ಕೊಟ್ಟಿರುತ್ತಾರೆ. ಲಿನಕ್ಸ್, ಲಿಬ್ರೆಆಫೀಸ್ ಇಂಥವು.

ಉಚಿತವಾದದ್ದೆಲ್ಲ ಸ್ವತಂತ್ರವಲ್ಲ ಎಂಬುದನ್ನು ಪಾಲಕರು ಗಮನಿಸಬೇಕು. 1998ರಲ್ಲಿ ಬಂದ 'ಬರಹ' ಕನ್ನಡಿಗರಿಗೆ ಬಹುಕಾಲ ಉಚಿತವಾಗಿ ಸಿಕ್ಕಿತು. ಮುಂದೆ ಅದಕ್ಕೆ ಬೆಲೆ ಬಂತು. ಅದು ಮಾಡಿದವರ ಹಕ್ಕು, ಅವರ ಉಪಕಾರವನ್ನು ಮರೆಯಲಾಗದು. ಆದರೆ ಕೀಲಿಕೈ ಅವರ ಬಳಿಯೇ ಇತ್ತು. ಬರೆದಿಟ್ಟ ಕಡತದ್ದೂ ಇದೇ ಕಥೆ. ನುಡಿಯ ಹಳೆಯ ಅಕ್ಷರದಲ್ಲಿ ಬರೆದ ಕನ್ನಡ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಇನ್‌ಪೇಜಿನಲ್ಲಿ ಬರೆದ ಉರ್ದು ಕಡತಕ್ಕೆ ಮತ್ತೆ ಇನ್‌ಪೇಜೇ ಬೇಕು. ಯುನಿಕೋಡಿನಲ್ಲಿ ಬರೆದರೆ ಕನ್ನಡ, ಉರ್ದು ಎರಡೂ ಒಂದೇ ಪುಟದಲ್ಲಿ, ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತವೆ. ಎರಡು ಭಾಷೆ ಬರೆಯುವ ನಮ್ಮ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಇದು ಕೇವಲ ಆದರ್ಶವಲ್ಲ. ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಕಲಿತರು.

ಹಾಗೆಂದು ಹಟವೂ ಬೇಡ. ಅಂಗಡಿ, ಕಚೇರಿಗಳಲ್ಲಿ ಕೆಲಸಕ್ಕೆ ಹೋಗುವವರಿಗೆ ಎಕ್ಸೆಲ್, ಟ್ಯಾಲಿ ಕೇಳುತ್ತಾರೆ. ಅವನ್ನು ಪರವಾನಗಿ ಇರುವ ತರಬೇತಿ ಕೇಂದ್ರದಲ್ಲಿ ಕಲಿಯಲಿ. ಲಿಬ್ರೆಆಫೀಸಿನಲ್ಲಿ ಲೆಕ್ಕದ ಹಾಳೆ ಕಲಿತ ಮಗುವಿಗೆ ಎಕ್ಸೆಲ್ ಹೊಸದೆನಿಸದು. ಲ್ಯಾಪ್‌ಟಾಪಿನ ಜೊತೆಗೇ ವಿಂಡೋಸ್ ಬಂದಿದ್ದರೆ ಇರಲಿ, ಲಿಬ್ರೆಆಫೀಸ್ ಅದರಲ್ಲೂ ನಡೆಯುತ್ತದೆ.

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಪರವಾನಗಿಗೆ ಹೋಗುವ ಹಣ ಉಳಿದರೆ ಅದನ್ನು ಕಲಿಸುವ ಶಿಕ್ಷಕರಿಗೆ, ದುರಸ್ತಿಗೆ ಕೊಡೋಣ. ತಂತ್ರಾಂಶ ಉಚಿತವಾಗಿ ಸಿಕ್ಕರೂ ಕಲಿಕೆ ಹಾಗೆ ಸಿಗುವುದಿಲ್ಲ. ಪಾಲಕರೇ, ಅಂಗಡಿಯವರು ಏನಾದರೂ ಹಾಕಿಕೊಡುವ ಮೊದಲು 'ಇದಕ್ಕೆ ಪರವಾನಗಿ ಇದೆಯೇ?' ಎಂದು ಕೇಳಿ. ಮಕ್ಕಳೇ, ನೀವು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ.

ಅಲ್ಲಾಹನು ನಮ್ಮೆಲ್ಲರ ಪ್ರಯತ್ನವನ್ನು ಸ್ವೀಕರಿಸಲಿ.