ಬಾಲಕ್ಕೆ ಕಟ್ಟಿದ ದಾರ



ಭತ್ತ ಹೊಡೆ ಬರುವ ಹೊತ್ತಿಗೆ ನಮ್ಮೂರ ಗದ್ದೆಬಯಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ತುಂಬಿಕೊಳ್ಳುತ್ತಿದ್ದವು. ಶಾಲೆ ಬಿಟ್ಟ ಗಳಿಗೆಗೆ ನಾವು ಹುಡುಗರು ಬದುವಿನ ಮೇಲೆ ಹಾಜರು. ಬೇಲಿಯ ಕಡ್ಡಿ ಮೇಲೆ ಕೂತದ್ದರ ಹಿಂದಿನಿಂದ ಉಸಿರು ಬಿಗಿಹಿಡಿದು ಹೋಗಿ, ಬಾಲ ಹಿಡಿದು, ಅಮ್ಮನ ಹೊಲಿಗೆ ಡಬ್ಬಿಯಿಂದ ಕದ್ದ ದಾರ ಕಟ್ಟಿಬಿಟ್ಟರೆ ನಮ್ಮದೂ ಒಂದು ವಿಮಾನ! ಕತ್ತಲಾಗುವಷ್ಟರಲ್ಲಿ ವಿಮಾನ ಸತ್ತಿರುತ್ತಿತ್ತು. ನಾಳೆಗೆ ಇನ್ನೊಂದು.

ಕಳೆದ ದಸರಾ ರಜೆಗೆ ಬಂದ ಮೊಮ್ಮಗ ಅಂಗಳಕ್ಕೆ ಇಳಿದವನೇ ಕೇಳಿದ, “ತಾತ, ದಾರ ಕೊಡು.” ಈ ಆಟದ ಕಥೆಯನ್ನು ಹಿಂದೊಮ್ಮೆ ಜಂಬದಿಂದ ಹೇಳಿದ್ದವನು ನಾನೇ. ಪಾಪ ಬರುತ್ತೆ ಕಣೋ ಎನ್ನಬಹುದಿತ್ತು. ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದರು, ನಾನೇನು ಕೇಳಿದ್ದೆನೇ? “ದಾರ ಆಮೇಲೆ, ಮೊದಲು ಅದು ಹುಟ್ಟುವ ಜಾಗ ನೋಡೋಣ ಬಾ” ಎಂದು ಕೈಹಿಡಿದು ಕೆರೆಯ ಕಡೆ ಹೊರಟೆ.

ಕೆರೆಯಂಚಿನ ಜೊಂಡಿನ ಹತ್ತಿರ ಸುಮ್ಮನೆ ಕೂತೆವು. ಮೊದಲ ಐದು ನಿಮಿಷ ಅವನಿಗೆ ಬೇಜಾರು. ಆಮೇಲೆ ಕಣ್ಣು ಪಳಗಿತು. ಒಂದು ಚಿಟ್ಟೆ ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಏಳುತ್ತಿತ್ತು. “ನೀರು ಕುಡೀತಿದೆಯಾ?” ಅಂದ. ಮೊಟ್ಟೆ ಇಡುತ್ತಿದೆ ಎಂದೆ. ಆ ಮೊಟ್ಟೆಯೊಡೆದು ಬರುವ ಮರಿಗೆ ರೆಕ್ಕೆಯಿಲ್ಲ, ವಾಸವೆಲ್ಲ ನೀರಿನೊಳಗೆ. ಬಾಲದ ಕಡೆಯಿಂದ ನೀರೆಳೆದುಕೊಂಡು ಉಸಿರಾಡುತ್ತದೆ. ಹೆದರಿದರೆ ಅದೇ ನೀರನ್ನು ಪಿಚಕಾರಿಯಂತೆ ಚಿಮ್ಮಿ ಮುಂದಕ್ಕೆ ನುಗ್ಗುತ್ತದೆ. ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ. ಹುಡುಗ ಬಿದ್ದುಬಿದ್ದು ನಕ್ಕಿದ್ದು ಪಿಚಕಾರಿಯ ಮಾತಿಗೆ.

ಅಷ್ಟರಲ್ಲಿ ಜೊಂಡಿನ ದಂಟಿನಲ್ಲಿ ಏನೋ ಅಂಟಿಕೊಂಡಿದ್ದು ಅವನಿಗೇ ಕಂಡಿತು. ಒಣಗಿದ ಹುಳುವಿನಂಥದ್ದು, ಮುಟ್ಟಿದರೆ ಹಗುರ, ಬೆನ್ನು ಸೀಳಿದೆ, ಒಳಗೆ ಖಾಲಿ. ನೀರಿನ ವಾಸ ಮುಗಿಸಿದ ಮರಿ ದಂಟು ಹತ್ತಿ, ಬೆನ್ನು ಸೀಳಿಕೊಂಡು, ರೆಕ್ಕೆ ಬಿಚ್ಚಿ ಹಾರಿಹೋದ ಮೇಲೆ ಬಿಟ್ಟುಹೋದ ಪೊರೆ ಅದು. ಅಂಗೈ ಮೇಲಿಟ್ಟುಕೊಂಡು ನೋಡಿದವನು ಗಾಬರಿಯಾದ. “ತಾತ, ಇದಕ್ಕೂ ಯಾರೋ ದಾರ ಕಟ್ಟಿದ್ದಾರೆ!”

ನಿಜ, ಸೀಳಿನಲ್ಲಿ ಬಿಳಿಯ ಎಳೆಗಳು ಇಣುಕುತ್ತಿದ್ದವು. ಅವು ಅದರ ಉಸಿರಿನ ಕೊಳವೆಗಳ ಒಳಪೊರೆ. ಪೊರೆ ಕಳಚುವಾಗ ಅದೂ ಕಳಚಿ ಬರುತ್ತದೆ. ಉಸಿರಾಡಿದ ದಾರಿಯೇ ದಾರವಾಗಿ ಉಳಿದಿತ್ತು. ನಾನು ಕಟ್ಟಿದ್ದ ದಾರಗಳೆಲ್ಲ ನೆನಪಾಗಿ ಒಂದು ಕ್ಷಣ ಮಾತು ಹೊರಡಲಿಲ್ಲ.

ಹಿಂದಿರುಗುವಾಗ ಇನ್ನೊಂದು ಸಂಗತಿ ಹೇಳಿದೆ. ಈ ಕಾಲದಲ್ಲಿ ಬಯಲ ಮೇಲೆ ಹಾರುವ ಗುಂಪುಗಳಲ್ಲಿ ಹಳದಿ ಮೈಯ ಒಂದು ಬಗೆ ಇದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಕಡಲ ಜೀವವಿಜ್ಞಾನಿ, ಪ್ರತಿ ಅಕ್ಟೋಬರ್‌ನಲ್ಲೂ ಅವು ದ್ವೀಪಗಳಿಗೆ ಹಿಂಡುಹಿಂಡಾಗಿ ಬರುವುದನ್ನು ವರ್ಷಗಟ್ಟಲೆ ಗುರುತು ಹಾಕಿಕೊಂಡರು. ಕೆರೆಕುಂಟೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಆ ದ್ವೀಪಗಳಲ್ಲಿ ಇಷ್ಟೊಂದು ಚಿಟ್ಟೆ ಹುಟ್ಟುವುದಾದರೂ ಹೇಗೆ? ಭಾರತದಿಂದ ಗಾಳಿ ಹಿಡಿದು ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿವೆ, ಮುಂದಿನ ಪೀಳಿಗೆಗಳು ಮುಂಗಾರು ಗಾಳಿಯೊಡನೆ ಮರಳುತ್ತವೆ ಎಂದು 2009ರಲ್ಲಿ ಬರೆದರು. ಹೋಗಿಬರುವ ದಾರಿ 14,000ದಿಂದ 18,000 ಕಿಲೋಮೀಟರ್ ಎಂದು ಅವರ ಅಂದಾಜು. ನಾಲ್ಕು ಪೀಳಿಗೆಯ ಪಯಣ. ಹೊರಟದ್ದು ಮರಳುವುದಿಲ್ಲ, ಮರಳುವುದು ಹೊರಟದ್ದನ್ನು ಕಂಡಿಲ್ಲ. ತೂಕ ಒಂದು ಗ್ರಾಂ ಕೂಡ ಇಲ್ಲ.

ಮಕ್ಕಳಿಗೆ ಹುಳುಹುಪ್ಪಟೆಯ ಪಾಠ ಹೇಳಲು ನಾವು ಪಂಡಿತರಾಗಬೇಕಿಲ್ಲ. ಅವು ಬದುಕುವ ಜಾಗಕ್ಕೆ ಕರೆದೊಯ್ದು, ಜೊತೆಗೆ ಕೂತು, ಅವರಿಗಿಂತ ಮೊದಲು ಬೇಜಾರುಪಡದಿದ್ದರೆ ಸಾಕು. ಬಿಟ್ಟುಹೋದ ಪೊರೆ, ಉದುರಿದ ರೆಕ್ಕೆ, ಖಾಲಿ ಗೂಡು ಮನೆಗೆ ತರಲಿ. ಜೀವವಿದ್ದದ್ದು ಅಲ್ಲೇ ಇರಲಿ.

ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿದವನು ನಾನು. ಅಂಥದೇ ಪೊಟ್ಟಣವೊಂದನ್ನು ಖಾಲಿ ಮಾಡಿ ಮೊಮ್ಮಗನಿಗೆ ಕೊಟ್ಟೆ. ಪೊರೆಯನ್ನು ಅದರಲ್ಲಿ ಮಲಗಿಸಿ ಅಂಗಳಕ್ಕೆ ಹೋದ. ನೆತ್ತಿಯ ಮೇಲೆ ಚಿಟ್ಟೆಗಳು ಹಾರುತ್ತಿದ್ದವು. ಈ ಸಲ ದಾರ ಕೇಳಲಿಲ್ಲ. “ತಾತ, ಸಮುದ್ರ ಯಾವ ಕಡೆಗಿದೆ?” ಎಂದು ಕೇಳಿದ.