ಮೋಟಾರಿನ ಉಸಿರೂ ಜೋಡಿ ತಂತಿಯೂ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಪ್ರಶ್ನೆಪೆಟ್ಟಿಗೆಯಲ್ಲಿ ಬೀಳುವ ಚೀಟಿಗಳು ಬಹುಮಟ್ಟಿಗೆ ಪುಸ್ತಕಗಳನ್ನು ಕುರಿತವು. ಈ ಸಲ ಮೂರು ಚೀಟಿಗಳಲ್ಲಿ ಒಂದೇ ಪ್ರಶ್ನೆ ಇದ್ದಿತು. ಹೊರಗೆ ಕೊಂಡು ತಂದ ಗಾಳಿ-ಇಂಧನ ಸೆನ್ಸರನ್ನು ಕಾರಿನೊಳಗಿನ ಕ್ಯಾನ್ ತಂತಿಗೆ ಜೋಡಿಸುವುದು ಹೇಗೆ, ಜೋಡಿಸಿದರೆ ಅಪಾಯವುಂಟೇ ಎಂಬುದು. ಬರೆದವರು ಬೀದರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಈ ನಗರದ ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ನಮ್ಮ ತರುಣರು. ನಾವು ಇಂಜಿನಿಯರರಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಓದಿ ತಿಳಿಯಬಹುದಾದುದನ್ನು ಓದಿ, ಗ್ಯಾರೇಜಿನಲ್ಲಿ ನಿಂತು ನೋಡಬಹುದಾದುದನ್ನು ನೋಡಿ, ಅದನ್ನು ಕನ್ನಡದಲ್ಲಿ ತಮ್ಮ ಮುಂದಿಡುವುದು ಸ್ವಯಂಸೇವಕರಾದ ನಮ್ಮ ಕೆಲಸವೇ ಅಲ್ಲವೇ?

ಈ ಊರಿನ ಸರ್ಕಾರಿ ಬಸ್ಸುಗಳ ಕಥೆ ೧೯೩೨ರಲ್ಲಿ ನಿಜಾಮರ ರೈಲ್ವೆಯವರು ೨೭ ಬಸ್ಸುಗಳನ್ನು ಓಡಿಸಿದಂದಿನಿಂದ ಆರಂಭವಾಯಿತು. ಆ ಕಾಲದ ಮಿಸ್ತ್ರಿಗಳು ಪೆಟ್ರೋಲು ಹೆಚ್ಚಾಯಿತೋ ಗಾಳಿ ಹೆಚ್ಚಾಯಿತೋ ಎಂಬುದನ್ನು ಪ್ಲಗ್ಗು ಬಿಚ್ಚಿ ನೋಡಿ ಹೇಳುತ್ತಿದ್ದರು. ಪ್ಲಗ್ಗಿನ ತುದಿ ಮಸಿಯಾಗಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗೆ ಸುಟ್ಟಿದ್ದರೆ ಕಡಿಮೆ. ಇಟ್ಟಿಗೆಯ ಬಣ್ಣವಿದ್ದರೆ ಸರಿ. ಕಾರ್ಬುರೇಟರಿನ ಸ್ಕ್ರೂ ಒಂದಿಷ್ಟು ತಿರುಗಿಸಿದರೆ ಕೆಲಸ ಮುಗಿಯಿತು. ಆ ಕಣ್ಣಳತೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಇಂದಿನ ಗಾಡಿಯಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರು ವಿಷವಾಯುಗಳನ್ನು ನೀಗಬೇಕಾದರೆ ಮಿಶ್ರಣವು ಬಹಳ ಕಿರಿದಾದ ಒಂದು ಅಂಚಿನೊಳಗೆ ನಿಲ್ಲಬೇಕು.

ಆ ಅಂಚು ಯಾವುದು? ಶುದ್ಧ ಪೆಟ್ರೋಲು ಒಂದು ಕಿಲೋ ಪೂರ್ತಿ ಉರಿಯಲು ಸುಮಾರು ೧೪.೭ ಕಿಲೋ ಗಾಳಿ ಬೇಕು. ಪುಸ್ತಕಗಳಲ್ಲಿ ಎಲ್ಲೆಲ್ಲೂ ಇದೇ ಸಂಖ್ಯೆ. ಆದರೆ ನಮ್ಮ ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ ೨೦ ಪಾಲು ಎಥನಾಲು ಬೆರೆತ ಪೆಟ್ರೋಲು. ಎಥನಾಲಿಗೆ ೯ ಪಾಲು ಗಾಳಿ ಸಾಕು. ಆದುದರಿಂದ ಈ ಮಿಶ್ರ ಇಂಧನಕ್ಕೆ ಸರಿಯಾದ ಅಳತೆ ೧೩.೫ರ ಆಸುಪಾಸಿಗೆ ಇಳಿಯುತ್ತದೆ. ಸೆನ್ಸರು ಕಾಣುವುದು ಇಂಧನವನ್ನಲ್ಲ, ಹೊಗೆಯಲ್ಲಿ ಉಳಿದ ಅಥವಾ ಕೊರತೆಯಾದ ಆಮ್ಲಜನಕವನ್ನು. ಅದರ ಭಾಷೆ ಲ್ಯಾಂಬ್ಡಾ. ಸರಿಯಾಗಿ ಉರಿದರೆ ಅದು ೧. ಒಂದಕ್ಕಿಂತ ಕಡಿಮೆಯಾದರೆ ಪೆಟ್ರೋಲು ಜಾಸ್ತಿ, ಮೇಲಾದರೆ ಗಾಳಿ ಜಾಸ್ತಿ. ಅಂಗಡಿಯ ಮೀಟರು ಈ ಒಂದನ್ನೇ ೧೪.೭ರಿಂದ ಗುಣಿಸಿ ತೋರಿಸುತ್ತದೆ. ಆದುದರಿಂದ ಮೀಟರಿನಲ್ಲಿ ೧೪.೭ ಕಂಡಿತೆಂದು, ಪುಸ್ತಕದಲ್ಲಿ ೧೩.೫ ಇದೆಯೆಂದು ಯಾರೂ ಪೆಟ್ರೋಲು ಹೆಚ್ಚಿಸಲು ಹೊರಡಬಾರದು. ಮೀಟರನ್ನು ಲ್ಯಾಂಬ್ಡಾದಲ್ಲಿಯೇ ಇಟ್ಟುಕೊಂಡರೆ ಈ ಗೊಂದಲವೇ ಇಲ್ಲ.

ಸೆನ್ಸರಿನ ಒಡಲಿನಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಜಿರ್ಕೋನಿಯಂ ನಮ್ಮೂರಿಗೆ ಹೊಸದಲ್ಲ. ಮೌಲಾಲಿಯ ಬಳಿ ೧೯೭೧ರಿಂದ ಇರುವ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಲ್ಲಿ ಅಣು ವಿದ್ಯುತ್ ಸ್ಥಾವರಗಳಿಗಾಗಿ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳನ್ನು ಮಾಡುತ್ತಾರೆ. ಅದೇ ಧಾತುವಿನ ಆಕ್ಸೈಡು ಚೆನ್ನಾಗಿ ಕಾದಾಗ ತನ್ನೊಳಗೆ ಆಮ್ಲಜನಕದ ಅಯಾನುಗಳನ್ನು ಹಾಯಗೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೇ ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಇಂಥ ಕಡ್ಡಿಯನ್ನು ಕಾಯಿಸಿ ದೀಪ ಮಾಡಿದ್ದರು. ಪಿಂಗಾಣಿಯ ಒಂದು ಮಗ್ಗುಲಿಗೆ ಹೊರಗಾಳಿ, ಇನ್ನೊಂದು ಮಗ್ಗುಲಿಗೆ ಹೊಗೆ ತಾಗಿದರೆ, ಎರಡರ ಆಮ್ಲಜನಕದ ಅಂತರಕ್ಕೆ ತಕ್ಕಂತೆ ವೋಲ್ಟೇಜು ಹುಟ್ಟುತ್ತದೆ. ಬಾಷ್ ಕಂಪೆನಿಯ ಇಂಥ ಸೆನ್ಸರು ೧೯೭೬ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಂದಿತು. ಬಾಷ್ ಎಂದರೆ ಕನ್ನಡಿಗರಿಗೆ ಪರಕೀಯವಲ್ಲ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಡುಗೋಡಿಗೆ ಹೆಸರು ತಂದ ನಮ್ಮ ಮೈಕೋ ಕಾರ್ಖಾನೆ ಅವರದೇ ಸಂಬಂಧದ್ದು.

ಹಳೆಯ ಸೆನ್ಸರು ಹೌದು ಅಲ್ಲ ಎಂದಷ್ಟೇ ಹೇಳುತ್ತಿತ್ತು. ಪೆಟ್ರೋಲು ಜಾಸ್ತಿಯಾದರೆ ೦.೯ ವೋಲ್ಟು, ಗಾಳಿ ಜಾಸ್ತಿಯಾದರೆ ೦.೧, ಎಷ್ಟು ಜಾಸ್ತಿ ಎಂಬ ಲೆಕ್ಕವಿಲ್ಲ. ಈಗ ಅಂಗಡಿಯಲ್ಲಿ ಸಿಗುವ ವೈಡ್‌ಬ್ಯಾಂಡ್ ಸೆನ್ಸರು ಜಾಣತನದ್ದು. ಅದರೊಳಗೆ ಒಂದು ಪುಟ್ಟ ಕೋಣೆಯಿದೆ. ಆ ಕೋಣೆಯೊಳಗೆ ಮಿಶ್ರಣ ಯಾವಾಗಲೂ ಸರಿಯಾಗಿಯೇ ಇರುವಂತೆ ವಿದ್ಯುತ್ತಿನಿಂದ ಆಮ್ಲಜನಕವನ್ನು ಒಳಗೆ ತರುತ್ತಾರೆ ಇಲ್ಲವೇ ಹೊರಗೆ ಹಾಕುತ್ತಾರೆ. ಹಾಗೆ ಮಾಡಲು ಎಷ್ಟು ವಿದ್ಯುತ್ತು ಹರಿಯಿತೋ ಅದೇ ಅಳತೆ. ಬಾಷ್‌ನ ಎಲ್.ಎಸ್.ಯು. ೪.೯ ಎಂಬುದು ಈ ಜಾತಿಯದು. ಒಳಗಿನ ಹೀಟರು ಅದನ್ನು ಸುಮಾರು ೭೮೦ ಡಿಗ್ರಿಗೆ ಕಾಯಿಸಿ ಇಡಬೇಕು. ಅದರ ಸಾಕೆಟ್ಟಿನೊಳಗೆ ಆಯಾ ಸೆನ್ಸರಿಗೇ ತೂಗಿ ಕೂರಿಸಿದ ಒಂದು ರೆಸಿಸ್ಟರು ಇದೆ. ವೈರು ಸಾಲದೆಂದು ಸಾಕೆಟ್ಟು ಕತ್ತರಿಸಿ ಬೇರೆ ಹಾಕಿದರೆ ಸೆನ್ಸರಿನ ಮಾತು ಅಂದಿನಿಂದಲೇ ನಂಬಲರ್ಹವಲ್ಲ.

ಇನ್ನು ತಂತಿಯ ವಿಷಯ. ತರುಣರು ಇಲ್ಲಿ ಕೊಂಚ ಗಮನವಿಟ್ಟು ಕೇಳಬೇಕು.

ಹಿಂದೆ ಕಾರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತಂತಿ ಇತ್ತು. ಇಂಜಿನ್ನು, ಬ್ರೇಕು, ಗೇರು, ಸ್ಟಿಯರಿಂಗು ಎಲ್ಲಕ್ಕೂ ಚಿಕ್ಕ ಚಿಕ್ಕ ಕಂಪ್ಯೂಟರುಗಳು ಬಂದಮೇಲೆ ತಂತಿಗಳ ಕಂತೆ ಹೊರಲಾರದಷ್ಟಾಯಿತು. ೧೯೮೬ರಲ್ಲಿ ಬಾಷ್‌ನವರು ಹೊರತಂದ ಕ್ಯಾನ್ ಎಂಬ ಏರ್ಪಾಡಿನಲ್ಲಿ ಎಲ್ಲರೂ ಒಂದೇ ಜೋಡಿ ತಂತಿಯ ಮೇಲೆ ಮಾತನಾಡುತ್ತಾರೆ. ಒಂದಕ್ಕೊಂದು ಹೆಣೆದ ಎರಡು ತಂತಿಗಳು. ಯಾರೂ ಮಾತನಾಡದಿರುವಾಗ ಎರಡರಲ್ಲೂ ಸುಮಾರು ೨.೫ ವೋಲ್ಟು. ಮಾತು ಬಂದಾಗ ಒಂದು ೩.೫ಕ್ಕೆ ಏರಿ ಇನ್ನೊಂದು ೧.೫ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ಅಂತರವನ್ನು. ಹೊರಗಿನ ಗದ್ದಲ ಹೆಣೆದ ಎರಡು ತಂತಿಗಳ ಮೇಲೂ ಒಂದೇ ಸಮನೆ ಬೀಳುವುದರಿಂದ ಅಂತರ ಕೆಡುವುದಿಲ್ಲ. ಹೆಣಿಗೆ ಬಿಚ್ಚಿದರೆ ಈ ರಕ್ಷಣೆ ಹೋಯಿತು.

ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಪ್ರತಿಯೊಂದು ಮಾತಿನ ಮೊದಲಿಗೆ ಒಂದು ಸಂಖ್ಯೆಯಿರುತ್ತದೆ. ಚಿಕ್ಕ ಸಂಖ್ಯೆಯ ಮಾತಿಗೆ ಮೊದಲ ಮಣೆ, ದೊಡ್ಡ ಸಂಖ್ಯೆಯವನು ತಾನಾಗಿ ಸುಮ್ಮನಾಗಿ ಆಮೇಲೆ ಹೇಳುತ್ತಾನೆ. ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿಯೂ ಇಂಥದೊಂದು ಏರ್ಪಾಡು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಒಂದೇ ಸಂಖ್ಯೆಯನ್ನು ಇಬ್ಬರು ಬಳಸುವುದು ಮಾತ್ರ ಸಲ್ಲದು. ಆಗ ಇಬ್ಬರ ಮಾತೂ ಕಲಸಿಹೋಗುತ್ತದೆ. ಹಾಗೆಯೇ ವೇಗವೂ ಒಂದೇ ಇರಬೇಕು. ಕಾರುಗಳ ಇಂಜಿನ್ ತಂತಿಯಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ೫ ಲಕ್ಷ ಬಿಟ್ಟುಗಳು. ಬೇರೆ ವೇಗದಲ್ಲಿ ಮಾತನಾಡುವ ಯಂತ್ರವನ್ನು ತಂದು ಸೇರಿಸಿದರೆ ಅದು ಪ್ರತಿ ಮಾತನ್ನೂ ತಪ್ಪೆಂದು ಕೂಗಿ ಕೆಡಿಸುತ್ತದೆ. ತಪ್ಪುಗಳು ಎಣಿಕೆ ಮೀರಿದ ಯಂತ್ರ ತಾನಾಗಿ ತಂತಿಯಿಂದ ಹಿಂದೆ ಸರಿಯಬೇಕೆಂಬ ಕಟ್ಟಳೆಯೂ ಇದೆ. ಆದರೆ ಹಿಂದೆ ಸರಿಯುವುದು ಬಂದ ಹೊಸಬನೇ ಆಗಬೇಕೆಂದಿಲ್ಲ. ಬ್ರೇಕಿನ ಯಂತ್ರವೂ ಆಗಬಹುದು.

ಹೊಸ ಸೆನ್ಸರಿನ ಪೆಟ್ಟಿಗೆ ತನ್ನ ಅಳತೆಯನ್ನು ಹೇಗೆ ಹೇಳುತ್ತದೆ ಎಂಬುದು ಲೆಕ್ಕ ಬರೆಯುವ ನಮಗೆ ಬಹಳ ಹಿಡಿಸಿದ ಭಾಗ. ಒಂದು ಮಾತಿನಲ್ಲಿ ಎಂಟು ಮನೆಗಳು; ಒಂದೊಂದು ಮನೆಯಲ್ಲಿ ೦ಯಿಂದ ೨೫೫ರವರೆಗೆ ಒಂದು ಸಂಖ್ಯೆ. ಲ್ಯಾಂಬ್ಡಾ ೦.೮೫ ಇದ್ದರೆ ಅದನ್ನು ಸಾವಿರದಿಂದ ಗುಣಿಸಿ ೮೫೦ ಮಾಡುತ್ತಾರೆನ್ನೋಣ. ೮೫೦ ಒಂದು ಮನೆಯಲ್ಲಿ ಹಿಡಿಯುವುದಿಲ್ಲ. ೨೫೬ರಿಂದ ಭಾಗಿಸಿದರೆ ೩, ಶೇಷ ೮೨. ಮೊದಲ ಮನೆಯಲ್ಲಿ ೩, ಎರಡನೆಯದರಲ್ಲಿ ೮೨. ಓದುವವನು ಮನೆಗಳನ್ನು ಅದಲುಬದಲು ಮಾಡಿಕೊಂಡರೆ ೨೦,೯೯೫ ಆಗಿ ಲ್ಯಾಂಬ್ಡಾ ಸುಮಾರು ೨೧ ಎಂದು ಬರುತ್ತದೆ. ರೂಪಾಯಿಯ ಕಾಲಮಿನಲ್ಲಿ ಪೈಸೆ ಬರೆದ ಹಾಗೆ. ಪೆಟ್ಟಿಗೆಯೊಡನೆ ಬಂದ ಕಾಗದದಲ್ಲಿ ಸಂಖ್ಯೆ ಯಾವುದು, ವೇಗ ಎಷ್ಟು, ಮನೆಗಳ ಕ್ರಮ ಯಾವುದು ಎಂದು ಬರೆದಿರುತ್ತದೆ. ಆ ಕಾಗದವನ್ನು ಬಿಸಾಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು.

ಈ ಜೋಡಿ ತಂತಿಯ ಎರಡು ತುದಿಗಳಲ್ಲಿ ಒಂದೊಂದು ೧೨೦ ಓಮಿನ ರೆಸಿಸ್ಟರು ಇರುತ್ತದೆ, ಮಾತು ತುದಿಗೆ ಬಡಿದು ಪ್ರತಿಧ್ವನಿಸದಿರಲೆಂದು. ಬ್ಯಾಟರಿ ಬಿಚ್ಚಿ ಎರಡು ತಂತಿಗಳ ನಡುವೆ ಮೀಟರು ಹಿಡಿದರೆ ೬೦ ಓಮು ಕಾಣಬೇಕು. ೧೨೦ ಕಂಡರೆ ಒಂದು ತುದಿ ಕಡಿದಿದೆ; ೪೦ ಕಂಡರೆ ಯಾರೋ ಮೂರನೆಯ ರೆಸಿಸ್ಟರು ತಂದಿಟ್ಟಿದ್ದಾರೆ.

ಈ ೪೦ರ ಕಥೆ ನಾವು ಕಣ್ಣಾರೆ ಕಂಡುದು. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಟ್ಯಾಕ್ಸಿ ಮಾಲೀಕರು, ಸಾಲದ ಕಂತು ಇನ್ನೂ ತೀರದವರು, ಗಾಡಿ ಮೈಲೇಜು ಕೊಡುತ್ತಿಲ್ಲವೆಂದು ಒಂದು ಗ್ಯಾರೇಜಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರು ಹಾಕಿಸಿದರು. ಮೀಟರು ಬೆಳಗಿತು, ಎಲ್ಲರಿಗೂ ಸಂತೋಷ. ಮರುದಿನ ಚಾದರಘಾಟ್ ಸೇತುವೆಯ ಮೇಲೆ ಎ.ಬಿ.ಎಸ್. ದೀಪ ಹತ್ತಿ, ಸ್ಟಿಯರಿಂಗು ಒಮ್ಮೆಗೇ ಕಲ್ಲಿನಂತೆ ಭಾರವಾಯಿತು. ಹಿಂದಿನ ಸೀಟಿನಲ್ಲಿ ಒಂದು ಕೂಸು, ತಾಯಿ, ಅಜ್ಜಿ ಇದ್ದರು. ದೈವವಶಾತ್ ಗಾಡಿ ಮೆಲ್ಲಗೆ ಹೋಗುತ್ತಿತ್ತು. ಗಾಡಿ ಗ್ಯಾರೇಜಿಗೆ ಮರಳಿದಾಗ ನಾವೂ ಹೋಗಿದ್ದೆವು. ಜೋಡಿಸಿದ ಹುಡುಗ, ‘ಅಣ್ಣಾರ, ನಾ ವೈರ್ ಎಲ್ಲಾ ಬರಾಬರ್ ಹಚ್ಚೀನ್ರಿ’ ಎಂದ. ಅಲ್ಲಿನ ಹಿರಿಯ ಮಿಸ್ತ್ರಿ, ‘ಹಚ್ಚಿದ್ದು ಖರೆ ತಮ್ಮಾ, ಓಮ್ ನೋಡಿದಿಯೇನು?’ ಎಂದು ಕೇಳಿದರು. ನೋಡಿದರೆ ೪೦. ಕೊಂಡು ತಂದ ಪೆಟ್ಟಿಗೆಯೊಳಗೇ ೧೨೦ ಓಮಿನ ರೆಸಿಸ್ಟರು ಇತ್ತು. ತೆಗೆಯಲು ಒಂದು ಚಿಕ್ಕ ಸಂಪರ್ಕ ಕೊಟ್ಟಿದ್ದರು, ತೆಗೆದಿರಲಿಲ್ಲ. ಅದೊಂದೇ ಆಗಿದ್ದರೆ ಗಾಡಿ ಹೇಗೋ ಓಡುತ್ತಿತ್ತೇನೋ. ಅದರೊಡನೆ ಹೆಣಿಗೆಯಿಲ್ಲದ ಎರಡು ಮೀಟರು ತಂತಿಯನ್ನು ಕವಲಾಗಿ ಎಳೆದು ಇಂಜಿನ್ನಿನ ಇಗ್ನಿಷನ್ ಕಾಯಿಲಿನ ಪಕ್ಕದಲ್ಲೇ ಹಾಯಿಸಿದ್ದರು.

ಆ ಹಿರಿಯರು ಕವಲನ್ನು ಕಿತ್ತು, ಸೆನ್ಸರಿನ ಪೆಟ್ಟಿಗೆಗೆ ಅದರದೇ ಆದ ಪ್ರತ್ಯೇಕ ಜೋಡಿ ತಂತಿ ಎಳೆದು, ಎರಡು ತುದಿಗೂ ರೆಸಿಸ್ಟರು ಇಟ್ಟು, ಮೀಟರಿಗೆ ಮಾತ್ರ ಜೋಡಿಸಿದರು. ಕಾರಿನ ತಂತಿ ೬೦ ಓಮಿಗೆ ಮರಳಿತು. ಎರಡು ದಿನ ಓಡಿಸಿ ನೋಡಿದರೆ ಲ್ಯಾಂಬ್ಡಾ ಒಂದರ ಆಸುಪಾಸಿನಲ್ಲೇ ನೆಟ್ಟಗಿತ್ತು. ಇಂಜಿನ್ನು ನಿರಪರಾಧಿ! ಕೊನೆಗೆ ಜಾಕು ಹಾಕಿ ಚಕ್ರ ತಿರುಗಿಸಿದಾಗ ಹಿಂದಿನ ಎಡ ಬ್ರೇಕು ಬಿಡದೆ ಹಿಡಿದುಕೊಂಡಿದ್ದುದು ತಿಳಿಯಿತು. ಮೈಲೇಜು ತಿನ್ನುತ್ತಿದ್ದುದು ಅದು.

ಆದುದರಿಂದ ನಮ್ಮ ತರುಣರಿಗೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಬಾಡಿಗೆಗೆ ಓಡುವ, ಜನರನ್ನು ಹೊರುವ ಗಾಡಿಯಲ್ಲಿ ಬ್ರೇಕು, ಸ್ಟಿಯರಿಂಗು ಮಾತನಾಡುವ ತಂತಿಗೆ ಹೊರಗಿನ ಮಾತುಗಾರನನ್ನು ಸೇರಿಸಬೇಡಿ. ಹೊಸ ಗಾಡಿಗಳಲ್ಲಿ ಕಂಪೆನಿಯವರೇ ವೈಡ್‌ಬ್ಯಾಂಡ್ ಸೆನ್ಸರು ಇಟ್ಟಿರುವುದುಂಟು. ಡ್ಯಾಷ್‌ಬೋರ್ಡಿನ ಕೆಳಗಿನ ಹದಿನಾರು ಕಾಲಿನ ಸಾಕೆಟ್ಟಿಗೆ ಸ್ಕ್ಯಾನರು ಹಾಕಿ ಕೇಳಿದರೆ ಅದರ ಲ್ಯಾಂಬ್ಡಾ ಸಿಗುತ್ತದೆ. ವೈರು ಕತ್ತರಿಸುವ ಮೊದಲು ಅದನ್ನು ಕೇಳಿ ನೋಡಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಗಾಡಿಯ ಮೂಲ ರಚನೆಯನ್ನು ಮಾರ್ಪಡಿಸುವುದಕ್ಕೆ ಮಿತಿ ಹಾಕಿದೆ ಎಂಬುದೂ ನೆನಪಿರಲಿ.

ಕಾಲೇಜಿನ ಹುಡುಗರು ಕಟ್ಟುವ ರೇಸಿನ ಗಾಡಿಯ ಮಾತು ಬೇರೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ತಾವೇ ಗಾಡಿ ಕಟ್ಟುವವರಿಗೆ ತಂತಿಯೂ ತಮ್ಮದೇ, ಸಂಖ್ಯೆಗಳೂ ತಮ್ಮವೇ. ಅಂಥವರು ಮುಖ್ಯ ತಂತಿಯಿಂದ ಕವಲನ್ನು ಒಂದು ಗೇಣಿಗಿಂತ ಉದ್ದ ಬಿಡಬಾರದು. ಹೆಣಿಗೆಯನ್ನು ಸಾಕೆಟ್ಟಿನವರೆಗೂ ಉಳಿಸಬೇಕು. ಹೀಟರು ಕೆಲವು ಆಂಪಿಯರು ಎಳೆಯುವುದರಿಂದ ಅದಕ್ಕೆ ಬೇರೆ ಫ್ಯೂಸು ಹಾಕಿ, ಅರ್ಥನ್ನು ಗಟ್ಟಿಯಾಗಿ ಕೊಡಬೇಕು. ಹೊಗೆಕೊಳವೆಯಲ್ಲಿ ಸೆನ್ಸರನ್ನು ಕನ್ವರ್ಟರಿನ ಮುಂಚೆ, ತುದಿ ಕೆಳಮುಖವಾಗಿ ಓರೆಯಾಗಿರುವಂತೆ ಕೂರಿಸಬೇಕು. ಇಲ್ಲದಿದ್ದರೆ ಕೊಳವೆಯಲ್ಲಿ ಸೇರಿದ ನೀರು ಕಾದ ಪಿಂಗಾಣಿಯ ಮೇಲೆ ಬಿದ್ದು ಅದನ್ನು ಸೀಳುತ್ತದೆ. ಸೆನ್ಸರಿನ ಮುಂಚೆ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಹೊರಗಾಳಿ ನುಗ್ಗಿ ಗಾಳಿ ಜಾಸ್ತಿಯೆಂಬ ಸುಳ್ಳು ವರದಿ ಬರುತ್ತದೆ. ಅದನ್ನು ನಂಬಿ ಪೆಟ್ರೋಲು ಸುರಿದವರುಂಟು. ೨೦೨೩ರ ಫೆಬ್ರುವರಿಯಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ ಓಡಿದ ಫಾರ್ಮುಲಾ ಇ ಗಾಡಿಗಳಿಗೆ ಈ ತಾಪತ್ರಯ ಯಾವುದೂ ಇರಲಿಲ್ಲ. ಅವಕ್ಕೆ ಹೊಗೆಯೇ ಇಲ್ಲ.

ಮೂರನೆಯ ಚೀಟಿಯ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಕೆಲಸ ಮುಗಿದಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಸೆನ್ಸರನ್ನು ಮಾತ್ರ ಕೊಳವೆಯಲ್ಲಿಯೇ ಬಿಡಬಹುದೇ ಎಂದು. ಬಿಡಬಾರದು. ಹೀಟರು ಕಾಯದ ಸೆನ್ಸರಿನ ಮೇಲೆ ಮಸಿ ಕೂತು ಅದು ಕೆಲವೇ ದಿನಗಳಲ್ಲಿ ಕೆಡಬಹುದು. ಬಿಚ್ಚಿ ತೆಗೆದು ಡಬ್ಬಿಯಲ್ಲಿಡಿ. ಕೊಳವೆಯ ತೂತಿಗೆ ೧೮ ಮಿಲಿಮೀಟರಿನ ಬೋಲ್ಟು ಹಾಕಿ ಬಿಗಿಯಿರಿ. ಓಮ್ ಮೀಟರು ಇಲ್ಲದವರಿಗೆ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಾಧಾರಣ ಬೆಲೆಗೆ ಸಿಗುತ್ತದೆ. ಅಲ್ಲಿಯವರೆಗೆ ನಮ್ಮದನ್ನು ವಾಚನಾಲಯದ ಕಪಾಟಿನಲ್ಲಿ ಇಟ್ಟಿರುತ್ತೇವೆ. ಪುಸ್ತಕದಂತೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು.