ಪ್ರಾಥಮಿಕ ಪಾಠಶಾಲೆಗಳಲ್ಲಿ ಅಂಗಸಾಧನೆಯೂ ಅದರ ದ್ರವ್ಯವಿನಿಯೋಗವೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಓದಲ್ಪಟ್ಟ ಉಪನ್ಯಾಸ)



ವಿದ್ಯಾಭ್ಯಾಸವೆಂದೊಡನೆ ಜನರ ದೃಷ್ಟಿಯು ಪುಸ್ತಕದ ಕಡೆಗೂ ಪರೀಕ್ಷೆಯ ಕಡೆಗೂ ಹರಿಯುವುದು ಸಹಜವು. ಶಾಲೆಗೆ ಕೊಠಡಿ ಬೇಕೆಂದರೆ ಊರೆಲ್ಲ ಕೂಡಿ ಕಲ್ಲು ಹೊರುವುದುಂಟು. ಆಟದ ಬಯಲು ಬೇಕೆಂದರೆ ಮಾತ್ರ, ‘ಮಕ್ಕಳಿಗೆ ಆಟವನ್ನೂ ಕಲಿಸಬೇಕೆ?’ ಎಂದು ನಗುವವರೇ ಹೆಚ್ಚು. ಆದರೆ ಕಾಯಕಕ್ಕೆ ಕಾಯವೇ ಮೊದಲನೆಯ ಉಪಕರಣವೆಂದು ಬಲ್ಲ ಭಕ್ತವೃಂದಕ್ಕೆ ಅಂಗಸಾಧನೆಯ ಅವಶ್ಯಕತೆಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಇಲ್ಲಿ ವಿಚಾರಿಸತಕ್ಕದ್ದು ಬೇರೊಂದು. ಈ ಶಿಕ್ಷಣಕ್ಕಾಗಿ ಗೊತ್ತಾದ ಹಣವೆಷ್ಟು? ಅದು ಮಗುವಿನವರೆಗೆ ತಲಪುವ ಬಗೆ ಯಾವುದು?

ಮಗುವಿಗೆ ಎಷ್ಟು ವ್ಯಾಯಾಮ ಬೇಕೆಂಬುದರಲ್ಲಿ ಈಗ ಸಂದೇಹವಿಲ್ಲ. 5 ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರು ಬಿರುಸಾಗುವಂತೆ ಮೈಬಗ್ಗಿಸಬೇಕೆಂದೂ, ಎಲುಬು ಮತ್ತು ಮಾಂಸಖಂಡಗಳು ಗಟ್ಟಿಯಾಗುವ ಸಾಧನೆಯು ವಾರಕ್ಕೆ 3 ದಿನಗಳಾದರೂ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುವುದು. ಹಿಂದೆ ದನಕರುಗಳ ಹಿಂದೆ ಓಡಿ, ಕೆರೆಯಲ್ಲಿ ಈಜಿ, ಮರಕೋತಿಯಾಡಿ ಮಕ್ಕಳು ತಾವಾಗಿಯೇ ಪಡೆಯುತ್ತಿದ್ದುದನ್ನು ಈಗ ಶಾಲೆಯೇ ಒದಗಿಸಬೇಕಾದ ಕಾಲವು ಬಂದಿದೆ.

ಇದಕ್ಕೆ ಕಾನೂನಿನ ಆಧಾರವೂ ಉಂಟು. 2009ರಲ್ಲಿ ಅಂಗೀಕೃತವಾಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಅಧಿನಿಯಮವು ಪ್ರತಿಯೊಂದು ಶಾಲೆಗೂ ಆಟದ ಮೈದಾನವಿರಬೇಕೆಂದೂ, ತರಗತಿಗಳಿಗೆ ಬೇಕಾದ ಆಟದ ಸಾಮಗ್ರಿಯನ್ನು ಕೊಡಬೇಕೆಂದೂ ವಿಧಿಸಿರುತ್ತದೆ. ಆದರೆ ಅಂಗಸಾಧನೆಗೆ ಪ್ರತ್ಯೇಕ ಬೋಧಕರನ್ನು, ಅದೂ ಅರೆಕಾಲಿಕವಾಗಿ, ಅದು ಹೇಳಿರುವುದು 6 ರಿಂದ 8ನೆಯ ತರಗತಿಗಳಿಗೆ. ಅಲ್ಲಿಯೂ ಮಕ್ಕಳ ಸಂಖ್ಯೆ 100ನ್ನು ಮೀರಿದ್ದರೆ ಮಾತ್ರ. 1 ರಿಂದ 5ನೆಯ ತರಗತಿಯವರೆಗಿನ ಎಳೆಯರಿಗೆ ಓದುಬರಹ ಕಲಿಸುವ ಉಪಾಧ್ಯಾಯರೇ ಆಟವನ್ನೂ ಕಲಿಸಬೇಕು. 60 ಮಕ್ಕಳವರೆಗಿನ ಶಾಲೆಗೆ ವಿಧಿತವಾದ ಉಪಾಧ್ಯಾಯರು ಇಬ್ಬರೇ.

ಇನ್ನು ಹಣದ ಮಾತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾಸಾಮಗ್ರಿಗಾಗಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿ ಗೊತ್ತುಮಾಡಲ್ಪಟ್ಟಿತು. ಕೆಳತರಗತಿಗಳಿಗೆ ವರ್ಷದಲ್ಲಿ 200 ದಿನಗಳ ಶಾಲೆಯಿರಬೇಕೆಂಬುದು ನಿಯಮ. ಆ ಲೆಕ್ಕದಂತೆ 5,000 ರೂಪಾಯಿಯು ದಿನಕ್ಕೆ 25 ರೂಪಾಯಿ ಆಗುವುದು. ಶಾಲೆಯಲ್ಲಿ 50 ಮಕ್ಕಳಿದ್ದರೆ ಮಗುವೊಂದಕ್ಕೆ ದಿನಕ್ಕೆ ಎಂಟಾಣೆ. ಇದು ಅಲ್ಪವೆಂಬುದು ನಿರ್ವಿವಾದವು. ಆದರೆ ಅಲ್ಪವಾದುದರಿಂದಲೇ ಅದರಲ್ಲಿ ಒಂದು ಕಾಸೂ ವ್ಯರ್ಥವಾಗಕೂಡದು. ಕೊಂಡ ಚೆಂಡು ಸವೆದರೆ, ಹಗ್ಗ ಹರಿದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಅವುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯು ಶೋಚನೀಯವಾದುದು. ಸವೆಯದ ಚೆಂಡು ಮಕ್ಕಳು ಆಡಲಿಲ್ಲವೆಂಬುದಕ್ಕೆ ಸಾಕ್ಷಿಯೇ ಹೊರತು ಮಿತವ್ಯಯಕ್ಕೆ ಸಾಕ್ಷಿಯಲ್ಲ.

ಈ ವಿಷಯದಲ್ಲಿ ಪರದೇಶದ ಒಂದು ನಿದರ್ಶನವು ವಿಚಾರಾರ್ಹವಾಗಿದೆ. ಲಂಡನ್ನಿನಲ್ಲಿ ಒಲಿಂಪಿಕ್ ಪಂದ್ಯಗಳು ನಡೆದ ಮರುವರ್ಷ, 2013ರಲ್ಲಿ, ಇಂಗ್ಲೆಂಡಿನ ಸರಕಾರವು ಪ್ರಾಥಮಿಕ ಶಾಲೆಗಳ ಅಂಗಸಾಧನೆಗೆಂದೇ ವರ್ಷಕ್ಕೆ 15 ಕೋಟಿ ಪೌಂಡುಗಳನ್ನು ಮೀಸಲಿಟ್ಟಿತು. ಸಕ್ಕರೆ ಬೆರೆತ ಪಾನೀಯಗಳ ಮೇಲೆ ತೆರಿಗೆ ಹಾಕುವೆವೆಂದು 2016ರಲ್ಲಿ ಸಾರಿ, ಆ ಉತ್ಪನ್ನದ ಬಲದಿಂದ 2017ರಲ್ಲಿ ಆ ಮೊತ್ತವನ್ನು 32 ಕೋಟಿ ಪೌಂಡುಗಳಿಗೆ ಏರಿಸಿತು. ಆ ದೇಶದ ಐಶ್ವರ್ಯವನ್ನು ಅನುಕರಿಸಲು ಸಾಧ್ಯವಿಲ್ಲ. ಆದರೆ ಅದು ವಿಧಿಸಿದ ನಿಯಮಗಳನ್ನು ಅನುಕರಿಸಲು ಹಣವು ಬೇಕಾಗಿಲ್ಲ. ಹಣವನ್ನು ಹೇಗೆ ಖರ್ಚುಮಾಡಿದೆವೆಂಬುದನ್ನೂ ಅದರಿಂದ ಮಕ್ಕಳಿಗಾದ ಪ್ರಯೋಜನವನ್ನೂ ಶಾಲೆಯು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು; ಮಾಡಿದ ಸುಧಾರಣೆಯು ಮುಂದಿನ ವರ್ಷಗಳಲ್ಲಿ ಬರುವ ಮಕ್ಕಳಿಗೂ ಉಳಿಯತಕ್ಕದ್ದಾಗಿರಬೇಕು. ಆದುದರಿಂದಲೇ ಅಲ್ಲಿ ತರಗತಿಯ ಉಪಾಧ್ಯಾಯರಿಗೆ ಈ ವಿದ್ಯೆಯಲ್ಲಿ ಶಿಕ್ಷಣ ಕೊಡಿಸುವುದು ಮುಖ್ಯ ವಿನಿಯೋಗಗಳಲ್ಲೊಂದಾಯಿತು. ಚೆಂಡು ಸವೆಯುವುದು, ಕಲಿತ ಉಪಾಧ್ಯಾಯರ ಜ್ಞಾನವು ಸವೆಯುವುದಿಲ್ಲ.

ನಮ್ಮ ನಾಡಿನಲ್ಲಿ ಈ ಮೇಲ್ವಿಚಾರಣೆಯು ಯಾರ ಕೈಯಲ್ಲಿದೆ? ಸರಕಾರಿ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು, ಶಾಲೆಗೆ ಬಂದ ಹಣದ ವಿನಿಯೋಗವನ್ನು ಆ ಸಮಿತಿಯೇ ನೋಡಿಕೊಳ್ಳಬೇಕು ಎಂದು ಮೇಲೆ ಹೇಳಿದ ಅಧಿನಿಯಮವೇ ವಿಧಿಸಿದೆ. ಅಂದಮೇಲೆ ಇಲ್ಲಿ ನೆರೆದವರಲ್ಲಿ ಅನೇಕರಿಗೆ ಈ ಅಧಿಕಾರವು ಆಗಲೇ ಪ್ರಾಪ್ತವಾಗಿರುವುದು. ಸಭೆಯಲ್ಲಿ ರುಜು ಹಾಕಿ ಹಿಂದಿರುಗುವ ಬದಲು, ‘ಈ ವರ್ಷ ಏನನ್ನು ಕೊಂಡಿರಿ? ಅದರಲ್ಲಿ ಎಷ್ಟು ಮಕ್ಕಳು ಆಡಿದರು?’ ಎಂದು ವಿನಯದಿಂದ ಕೇಳಬಹುದು. ಉತ್ತರವನ್ನು ಶಾಲೆಯ ಗೋಡೆಯ ಹಲಗೆಯ ಮೇಲೆ ಬರೆಯಿಸಬಹುದು.

ಎರಡನೆಯದು ಬಯಲಿನ ರಕ್ಷಣೆ. ಪೂರ್ಣಪ್ರಮಾಣದ ಖೋ ಖೋ ಅಂಕಣಕ್ಕೆ 27 ಮೀಟರು ಉದ್ದ, 16 ಮೀಟರು ಅಗಲದ ನೆಲ ಬೇಕು. ಕಬಡ್ಡಿಗೆ 13 ಮೀಟರು ಉದ್ದ, 10 ಮೀಟರು ಅಗಲ. ಎಳೆಯರಿಗೆ ಇದಕ್ಕಿಂತ ಕಿರಿದಾದರೂ ನಡೆಯುವುದು. ಮೊದಲನೆಯದಕ್ಕೆ ಎರಡು ಕಂಬ, ಎರಡಕ್ಕೂ ಗೆರೆ ಎಳೆಯಲು ಸುಣ್ಣ. ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಡ. ಬೇಕಾದುದು ಕಲ್ಲುಮುಳ್ಳಿಲ್ಲದ ನೆಲ. ಅಲ್ಲಿ ಕಾಳು ಒಣಹಾಕದೆ, ಬಂಡಿ ನಿಲ್ಲಿಸದೆ, ಚಪ್ಪರದ ಗೂಟಗಳ ಕುಳಿಗಳನ್ನು ಹಾಗೆಯೇ ಬಿಡದೆ ಕಾಯುವುದು ಊರಿನವರ ಧರ್ಮವು.

ಮೂರನೆಯದು ತಾಯಂದಿರಿಗೆ ಸಂಬಂಧಿಸಿದುದು. ಹುಡುಗರು ಬಯಲಿಗಿಳಿದಾಗ ಹುಡುಗಿಯರು ಕಸ ಗುಡಿಸುತ್ತಲೋ ಗೋಡೆಗೊರಗಿ ನೋಡುತ್ತಲೋ ನಿಲ್ಲುವ ಶಾಲೆಯಲ್ಲಿ ಆ ಎಂಟಾಣೆಯಲ್ಲಿ ಅರ್ಧಭಾಗವು ಅಪಹೃತವಾದಂತೆಯೇ ಸರಿ. ಸಮಿತಿಯಲ್ಲಿರುವ ತಾಯಂದಿರು ಇದನ್ನು ಸಹಿಸಬಾರದು.

ಸರಕಾರವು ಹಣವನ್ನು ಹೆಚ್ಚಿಸಬೇಕು, ಎಳೆಯರ ಶಾಲೆಗೂ ತರಬೇತಾದ ಬೋಧಕರನ್ನು ಕೊಡಬೇಕು ಎಂದು ಕೇಳುವುದು ನ್ಯಾಯವೇ, ಕೇಳುತ್ತಲೇ ಇರಬೇಕು. ಆದರೆ ಬಂದುದರ ಲೆಕ್ಕವನ್ನು ಬಲ್ಲವರ ಬೇಡಿಕೆಗೆ ಹೆಚ್ಚಿನ ಬಲವಿರುವುದು. ಭಕ್ತರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಒಮ್ಮೆ ಶಾಲೆಗೆ ಹೋಗಿ, ಆ ಬೀರುವಿನ ಬೀಗವನ್ನು ತೆಗೆಯಿಸಿ ನೋಡಬೇಕೆಂದು ಪ್ರಾರ್ಥನೆ.